ಚೈಲ್ಡ್ ಬೆನಿಫಿಟ್ ವಾಪಸ್ ಕಟ್ಟಿ ಅಂತ ಕಾಗದ ಬಂದಿದೆ. ಮೂರು ವರ್ಷದ್ದು! ಏನು ಮಾಡಲಿ?

ಕೆಂಪುಬಸ್ಸು · 8 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ, ಊರು ಹಾಸನದ ಕಡೆ. ಐಟಿ ಕೆಲಸ. ಹೆಂಡತಿ ಸದ್ಯ ಕೆಲಸಕ್ಕೆ ಹೋಗುತ್ತಿಲ್ಲ. ಮಕ್ಕಳು ಇಬ್ಬರು, 9 ಮತ್ತು 5.

2021ರ ಕೊನೆಗೆ ನಮಗೆ ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಸಿಕ್ಕಿತು. ಅಲ್ಲಿಯವರೆಗೆ ವೀಸಾದಲ್ಲಿ ಸರ್ಕಾರಿ ನೆರವು ಮುಟ್ಟುವ ಹಾಗಿಲ್ಲ ಅಂತ ಇತ್ತಲ್ಲ, ಹಾಗಾಗಿ ಮಕ್ಕಳಿರುವವರಿಗೆ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಭತ್ಯೆ ಕಡೆ ತಲೆಯೇ ಹಾಕಿರಲಿಲ್ಲ. ಐಎಲ್‌ಆರ್ ಬಂದ ಮೇಲೆ ಗೆಳೆಯನೊಬ್ಬ "ಈಗ ಹಾಕು" ಅಂದ. ಹೆಂಡತಿ ಹೆಸರಲ್ಲಿ ಹಾಕಿದೆವು. ನಾಲ್ಕು ವಾರಕ್ಕೊಮ್ಮೆ ಅವಳ ಖಾತೆಗೆ ದುಡ್ಡು ಬರುತ್ತಿತ್ತು. ಮಕ್ಕಳ ಈಜು ಕ್ಲಾಸು, ಶೂಗಳು ಅದರಲ್ಲೇ ನಡೆಯುತ್ತಿದ್ದವು.

ಮೊನ್ನೆ ನನ್ನ ಹೆಸರಿಗೆ ತೆರಿಗೆ ಇಲಾಖೆಯಿಂದ ಕಂದು ಲಕೋಟೆ ಬಂತು. ನಿಮ್ಮ ಆದಾಯ ಮಿತಿ ದಾಟಿರಬಹುದು, ಹೈ ಇನ್ಕಂ ಚೈಲ್ಡ್ ಬೆನಿಫಿಟ್ ಚಾರ್ಜ್ ಕಟ್ಟಬೇಕಾಗಬಹುದು ಅಂತ. ದುಡ್ಡು ಹೋಗಿದ್ದು ಅವಳಿಗೆ, ಕಾಗದ ಬಂದಿದ್ದು ನನಗೆ! ಮೊದಲು ಯಾವುದೋ ಮೋಸದ ಕಾಗದ ಅಂದುಕೊಂಡೆ.

ಪಿ60 (ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳ, ತೆರಿಗೆ ಪತ್ರ) ಪ್ರಕಾರ ನನ್ನ ಸಂಬಳ ಬೋನಸ್ ಸೇರಿ ಹೀಗಿದೆ. 2022-23ರಲ್ಲಿ 54,200 ಪೌಂಡ್, 2023-24ರಲ್ಲಿ 57,600, 2024-25ರಲ್ಲಿ 61,900. ರಾತ್ರಿ ನಿದ್ದೆ ಇಲ್ಲ. ಒಟ್ಟು ಎಷ್ಟು ಕಟ್ಟಬೇಕಾಗುತ್ತೆ? ಸಿಟಿಜನ್‌ಶಿಪ್ ಅರ್ಜಿಗೆ ತೊಂದರೆ ಆಗುತ್ತಾ ಅಂತ ಹೆಂಡತಿ ಕೇಳುತ್ತಿದ್ದಾಳೆ.

ಸ್ಲೌ ಸುಧಾ · 8 ನವೆಂಬರ್

ಮೊದಲು ಒಂದು ಕಾಫಿ ಕುಡಿಯಿರಿ. ನಮ್ಮ ಮನೆಗೂ ಇದೇ ಕಾಗದ ಬಂದಿತ್ತು, ಎರಡು ವರ್ಷದ ಹಿಂದೆ. ಯಾರೂ ಜೈಲಿಗೆ ಹೋಗಲಿಲ್ಲ.

ನಿಮ್ಮ ಹೆಸರಿಗೆ ಯಾಕೆ ಬಂತು ಅಂದರೆ, ದುಡ್ಡು ಯಾರ ಖಾತೆಗೆ ಹೋದರೂ ಈ ತೆರಿಗೆ ಬೀಳುವುದು ಗಂಡ ಹೆಂಡತಿಯಲ್ಲಿ ಜಾಸ್ತಿ ಆದಾಯ ಇರುವವರ ಮೇಲೆ. ಮದುವೆ ಆಗದೆ ಒಟ್ಟಿಗೆ ಇರುವವರಿಗೂ ಅಷ್ಟೇ. ಮಗು ತನ್ನದಲ್ಲದಿದ್ದರೂ ಅಷ್ಟೇ!

ಕಾಗದ ಮಾತ್ರ ಡ್ರಾಯರಿಗೆ ಹಾಕಿ ಮರೆಯಬೇಡಿ. ನಾವು ಮಾಡಿದ್ದು ಅದೇ ತಪ್ಪು.

ಬಂಟ್ವಾಳದವ · 8 ನವೆಂಬರ್

ಇದೆಂಥ ನ್ಯಾಯ ಮಾರಾಯ್ರೆ. ನನ್ನ ಪಕ್ಕದ ಮನೆಯಲ್ಲಿ ಗಂಡನಿಗೆ 59 ಸಾವಿರ, ಹೆಂಡತಿಗೆ 59 ಸಾವಿರ. ಒಟ್ಟು 1,18,000. ಅವರು ಒಂದು ಪೆನ್ನಿಯೂ ವಾಪಸ್ ಕೊಡಬೇಕಿಲ್ಲ. ನನ್ನೊಬ್ಬನ ಸಂಬಳ 70 ಸಾವಿರ, ಹೆಂಡತಿಗೆ ಏನೂ ಇಲ್ಲ. ನಾನು ಅರ್ಧ ವಾಪಸ್ ಕೊಡಬೇಕು. ಮನೆ ಲೆಕ್ಕ ನೋಡುವ ಬದಲು ತಲೆ ಲೆಕ್ಕ ನೋಡುವುದು ಯಾವ ಊರಿನ ಪದ್ಧತಿ?

ಲೆಕ್ಕದ ಪುಸ್ತಕ · 9 ನವೆಂಬರ್

ನಾನು ಪೇರೋಲ್ ಕೆಲಸದಲ್ಲಿದ್ದೇನೆ, ಟ್ಯಾಕ್ಸ್ ಸಲಹೆಗಾರನಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಈ ಚಾರ್ಜ್ ಶುರುವಾಗಿದ್ದು 2013ರ ಜನವರಿ 7ರಿಂದ. ಆಗ ಮಿತಿ 50,000 ಪೌಂಡ್. ಅದರ ಮೇಲೆ ಪ್ರತಿ 100 ಪೌಂಡಿಗೆ ಬೆನಿಫಿಟ್‌ನ ಶೇಕಡಾ 1 ವಾಪಸ್. 60,000 ಮುಟ್ಟಿದರೆ ಪೂರ್ತಿ ಹೋಯಿತು. ಸಂಬಳಗಳು ಏರಿದವು, ಈ ಮಿತಿ ಮಾತ್ರ ಹನ್ನೊಂದು ವರ್ಷ ಅಲ್ಲೇ ಕೂತಿತ್ತು. 2024ರ ಏಪ್ರಿಲ್ 6ರಿಂದ ಮಿತಿ 60,000 ಆಯಿತು, ಪ್ರತಿ 200 ಪೌಂಡಿಗೆ ಶೇಕಡಾ 1, ಪೂರ್ತಿ ಹೋಗುವುದು 80,000ಕ್ಕೆ.

ಕೆಂಪುಬಸ್ಸು ಅವರ ಲೆಕ್ಕ, ಸದ್ಯಕ್ಕೆ ಪಿ60 ಅಂಕಿಯನ್ನೇ ಇಟ್ಟುಕೊಂಡು:

2022-23ರಲ್ಲಿ ಇಬ್ಬರು ಮಕ್ಕಳಿಗೆ ವಾರಕ್ಕೆ 21.80 ಮತ್ತು 14.45, ಅಂದರೆ ವರ್ಷಕ್ಕೆ 1,885 ಪೌಂಡ್. ಮಿತಿಗಿಂತ 4,200 ಜಾಸ್ತಿ, ಹಾಗಾಗಿ ಶೇಕಡಾ 42. ಕಟ್ಟಬೇಕಾದ್ದು 791.

2023-24ರಲ್ಲಿ ವಾರಕ್ಕೆ 24 ಮತ್ತು 15.90, ವರ್ಷಕ್ಕೆ 2,074.80. ಶೇಕಡಾ 76. ಅಂದರೆ 1,576.

2024-25ರಲ್ಲಿ 25.60 ಮತ್ತು 16.95, ವರ್ಷಕ್ಕೆ 2,212.60. ಹೊಸ ನಿಯಮದಲ್ಲಿ 1,900ನ್ನು 200ರಿಂದ ಭಾಗಿಸಿದರೆ 9.5. ಅರ್ಧವನ್ನು ಬಿಡುತ್ತಾರೆ, ಶೇಕಡಾ 9. ಅಂದರೆ 199.

ಒಟ್ಟು 2,566. ಆದರೆ ಇದನ್ನು ಈಗಲೇ ನಂಬಬೇಡಿ. ಅವರು ನೋಡುವುದು ಪಿ60 ಅಲ್ಲ, "ಅಡ್ಜಸ್ಟೆಡ್ ನೆಟ್ ಇನ್ಕಂ" ಅನ್ನುವ ಬೇರೆ ಅಂಕಿ. ಅದು ಪಿ60ಗಿಂತ ಕೆಳಗೂ ಹೋಗಬಹುದು, ಮೇಲೂ ಹೋಗಬಹುದು. ನಿಮ್ಮ ಪೆನ್ಶನ್ ಸಂಬಳದಿಂದ ಹೇಗೆ ಕಡಿತ ಆಗುತ್ತೆ ಹೇಳಿ.

ಕೆಂಪುಬಸ್ಸು · 9 ನವೆಂಬರ್

2,566! ಊರಿಗೆ ಹೋಗಲು ಇಟ್ಟಿದ್ದ ಟಿಕೆಟ್ ದುಡ್ಡು ಅದು.

ಪೆನ್ಶನ್ ಬಗ್ಗೆ ನನಗೆ ನಿಜವಾಗಿ ಗೊತ್ತಿಲ್ಲ. ಪೇ ಸ್ಲಿಪ್‌ನಲ್ಲಿ ಟ್ಯಾಕ್ಸ್ ಎಲ್ಲ ಕಳೆದ ಮೇಲೆ ಕೆಳಗಡೆ 160 ಪೌಂಡ್ ಪೆನ್ಶನ್ ಅಂತ ಇದೆ. ಮೂರು ವರ್ಷದಿಂದ ಅಷ್ಟೇ.

ಹೊಸಬ 23 · 9 ನವೆಂಬರ್

ಸುಮ್ನೆ ಕ್ಲೇಮ್ ಕ್ಯಾನ್ಸಲ್ ಮಾಡಿ ಬಿಡಿ ಸರ್. ತಲೆನೋವೇ ಬೇಡ. ನಾನು ಹಾಗೇ ಮಾಡಿದೆ.

ಮಿಲ್ಟನ್ ಕೀನ್ಸ್ ಅಮ್ಮ · 9 ನವೆಂಬರ್

ದಯವಿಟ್ಟು ಹಾಗೆ ಮಾಡಬೇಡಿ! ಇದನ್ನು ಹೇಳಲಿಕ್ಕೇ ಲಾಗಿನ್ ಆದೆ.

ನಮ್ಮವರ ಸಂಬಳ ಮೊದಲಿಂದಲೂ ಮಿತಿಗಿಂತ ಮೇಲಿತ್ತು. "ನಮಗೆ ಬರಲ್ಲ, ಅರ್ಜಿ ಯಾಕೆ" ಅಂತ ನಾವು ಕ್ಲೇಮ್ ಮಾಡಲೇ ಇಲ್ಲ. ನಾನು ಮಗಳನ್ನು ನೋಡಿಕೊಂಡು ಆರು ವರ್ಷ ಮನೆಯಲ್ಲಿದ್ದೆ. ಹೋದ ವರ್ಷ ನನ್ನ ಸ್ಟೇಟ್ ಪೆನ್ಶನ್ ದಾಖಲೆ ತೆಗೆದು ನೋಡಿದರೆ ಆ ಆರು ವರ್ಷವೂ ಖಾಲಿ.

ವಿಷಯ ಏನೆಂದರೆ, ಮಗುವಿಗೆ 12 ವರ್ಷ ಆಗುವವರೆಗೆ ಚೈಲ್ಡ್ ಬೆನಿಫಿಟ್ ಕ್ಲೇಮ್ ಮಾಡಿದವರಿಗೆ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ಕ್ರೆಡಿಟ್, ಅಂದರೆ ಸ್ಟೇಟ್ ಪೆನ್ಶನ್ ಲೆಕ್ಕಕ್ಕೆ ಸೇರುವ ವರ್ಷ, ತಾನಾಗಿ ಸಿಗುತ್ತದೆ. ದುಡ್ಡು ತೆಗೆದುಕೊಳ್ಳದಿದ್ದರೂ ಸಿಗುತ್ತದೆ, ಕ್ಲೇಮ್ ಇದ್ದರೆ ಸಾಕು. ಪೂರ್ತಿ ಸ್ಟೇಟ್ ಪೆನ್ಶನ್‌ಗೆ ಸಾಮಾನ್ಯವಾಗಿ 35 ವರ್ಷ ಬೇಕು. ನಮ್ಮ ಹಾಗೆ ಮೂವತ್ತು ದಾಟಿದ ಮೇಲೆ ಈ ದೇಶಕ್ಕೆ ಬಂದವರಿಗೆ ಒಂದೊಂದು ವರ್ಷವೂ ಬೇಕು. ಆಮೇಲೆ ಕ್ಲೇಮ್ ಮಾಡಿದರೆ ಹಿಂದಿನ ಮೂರು ತಿಂಗಳದ್ದು ಮಾತ್ರ ಕೊಡುತ್ತಾರೆ.

ಇದನ್ನು ಸರಿ ಮಾಡುತ್ತೇವೆ ಅಂತ ಸರ್ಕಾರ 2023ರಲ್ಲಿ ಹೇಳಿದೆ. 2026ರ ಏಪ್ರಿಲ್‌ನಿಂದ ನನ್ನಂಥವರು ಕ್ರೆಡಿಟ್‌ಗೆ ಅರ್ಜಿ ಹಾಕಬಹುದಂತೆ. ನಾನು ಕಾಯುತ್ತಿದ್ದೇನೆ.

ಕ್ಲೇಮ್ ಇರಲಿ, ಪಾವತಿ ಮಾತ್ರ ನಿಲ್ಲಿಸಿ. ಎರಡೂ ಬೇರೆ ಬೇರೆ. ಕ್ಲೇಮ್ ಇದ್ದರೆ ಮಗುವಿಗೆ 16 ಆಗುವ ಹೊತ್ತಿಗೆ ಅದರ ಎನ್‌ಐ ನಂಬರ್ ಕೂಡ ತಾನಾಗಿ ಮನೆಗೆ ಬರುತ್ತೆ.

ಹೊಸಬ 23 · 9 ನವೆಂಬರ್

ಅಯ್ಯೋ ಅಕ್ಕ, ನಾನು ಯಾವುದನ್ನು ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ. ಈಗಲೇ ಆ್ಯಪ್ ತೆಗೆದು ನೋಡುತ್ತೇನೆ.

ಲೆಕ್ಕದ ಪುಸ್ತಕ · 10 ನವೆಂಬರ್

ಕೆಂಪುಬಸ್ಸು ಸರ್, ನೀವು ಅದೃಷ್ಟವಂತರು. ಟ್ಯಾಕ್ಸ್ ಕಳೆದ ಮೇಲೆ 160 ಹೋಗುತ್ತಿದೆ ಅಂದರೆ ಬಹುಶಃ ಅದು "ರಿಲೀಫ್ ಅಟ್ ಸೋರ್ಸ್" ಪೆನ್ಶನ್. ಪೆನ್ಶನ್ ಕಂಪನಿಗೆ ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳಿ. ಹಾಗಿದ್ದರೆ ನೀವು ಕೊಟ್ಟ 160ಕ್ಕೆ ಸರ್ಕಾರ 40 ಸೇರಿಸಿ 200 ಮಾಡಿರುತ್ತದೆ. ವರ್ಷಕ್ಕೆ 2,400. ಈ 2,400 ಪೂರ್ತಿ ನಿಮ್ಮ ಆದಾಯದಿಂದ ಕಳೆಯಬಹುದು. ಕಂಪನಿ ತನ್ನ ಕಡೆಯಿಂದ ಹಾಕುವ ಪಾಲನ್ನು ಕಳೆಯುವ ಹಾಗಿಲ್ಲ.

(ಎಲ್ಲರಿಗೂ ಹೀಗಲ್ಲ. ಸ್ಯಾಲರಿ ಸ್ಯಾಕ್ರಿಫೈಸ್ (ಸಂಬಳದ ಒಂದು ಭಾಗ ಬಿಟ್ಟುಕೊಟ್ಟು ಅದನ್ನು ಕಂಪನಿಯಿಂದಲೇ ಪೆನ್ಶನ್‌ಗೆ ಹಾಕಿಸುವುದು) ಆಗಿದ್ದರೆ, ಅಥವಾ ಟ್ಯಾಕ್ಸ್‌ಗೆ ಮೊದಲೇ ಪೆನ್ಶನ್ ಕಡಿತ ಆಗುತ್ತಿದ್ದರೆ, ಪಿ60ರಲ್ಲಿ ಅದು ಆಗಲೇ ಕಳೆದಿರುತ್ತದೆ. ಎರಡನೇ ಸಲ ಕಳೆಯಬೇಡಿ.)

ಈಗ ಲೆಕ್ಕ ಬದಲಾಯಿತು. 2022-23ಕ್ಕೆ ಆದಾಯ 51,800, ಚಾರ್ಜ್ ಶೇಕಡಾ 18, ಅಂದರೆ 339. 2023-24ಕ್ಕೆ 55,200, ಶೇಕಡಾ 52, ಅಂದರೆ 1,078. 2024-25ಕ್ಕೆ 59,500, ಮಿತಿಯೊಳಗೆ, ಸೊನ್ನೆ. ಒಟ್ಟು 1,417.

ಕೆಂಪುಬಸ್ಸು · 10 ನವೆಂಬರ್

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಸರ್!

ಅಬರ್ಡೀನ್ ಚಳಿ · 10 ನವೆಂಬರ್

ಸಕ್ಕರೆ ಹಾಕುವ ಮೊದಲು ಒಂದು ಪ್ರಶ್ನೆ. ಇಂಡಿಯಾದಲ್ಲಿ ಎಫ್‌ಡಿ, ಮನೆ ಬಾಡಿಗೆ ಏನಾದರೂ ಇದೆಯಾ?

ಕೆಂಪುಬಸ್ಸು · 10 ನವೆಂಬರ್

ಬಾಡಿಗೆ ಇಲ್ಲ. ಹಾಸನದ ಬ್ಯಾಂಕಿನಲ್ಲಿ ಒಂದು ಎನ್‌ಆರ್‌ಇ (ಹೊರದೇಶದಲ್ಲಿ ದುಡಿದದ್ದನ್ನು ಇಡುವ ಖಾತೆ) ಎಫ್‌ಡಿ ಇದೆ. ವರ್ಷಕ್ಕೆ ಸುಮಾರು 600 ಪೌಂಡ್‌ನಷ್ಟು ಬಡ್ಡಿ. ಆದರೆ ಎನ್‌ಆರ್‌ಇ ಬಡ್ಡಿಗೆ ಟ್ಯಾಕ್ಸ್ ಇಲ್ಲವಲ್ಲ?

ಬಂಟ್ವಾಳದವ · 10 ನವೆಂಬರ್

ಅದನ್ನೆಲ್ಲ ಯಾಕೆ ತೋರಿಸುತ್ತೀರಿ? ಅಲ್ಲಿಯ ದುಡ್ಡು ಅಲ್ಲೇ ಇದೆ. ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ?

ಅಬರ್ಡೀನ್ ಚಳಿ · 11 ನವೆಂಬರ್

ಗೊತ್ತಾಗುತ್ತೆ. ದೇಶದೇಶಗಳ ನಡುವೆ ಬ್ಯಾಂಕ್ ಖಾತೆಗಳ ಮಾಹಿತಿ ಪ್ರತಿ ವರ್ಷ ತಾನಾಗಿ ಹೋಗುತ್ತದೆ. ಇಂಡಿಯಾವೂ ಅದರಲ್ಲಿದೆ, ಬ್ರಿಟನ್ನೂ ಇದೆ. ನೀವು ಇಲ್ಲಿನ ನಿವಾಸಿ ಅಂತ ಹಾಸನದ ಬ್ಯಾಂಕಿಗೆ ನೀವೇ ಫಾರಂ ತುಂಬಿ ಕೊಟ್ಟಿರುತ್ತೀರಿ, ನೆನಪಿಲ್ಲ ಅಷ್ಟೇ.

ಎನ್‌ಆರ್‌ಇ ಬಡ್ಡಿಗೆ ಟ್ಯಾಕ್ಸ್ ಇಲ್ಲದಿರುವುದು ಇಂಡಿಯಾದಲ್ಲಿ. ಇಲ್ಲಿ ನೆಲೆಸಿದವರಿಗೆ ಸಾಮಾನ್ಯವಾಗಿ ಹೊರದೇಶದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಬೇರೆ ನಿಯಮ ಇದೆ, ಕೆಂಪುಬಸ್ಸು ಅವರಿಗೆ ಅದು ದಾಟಿಹೋಗಿದೆ. ಎನ್‌ಆರ್‌ಒ (ಇಂಡಿಯಾದಲ್ಲೇ ಬಂದ ಆದಾಯ ಇಡುವ) ಖಾತೆಯಾಗಿದ್ದರೆ ಅಲ್ಲಿ ಟಿಡಿಎಸ್ ಹಿಡಿದಿರುತ್ತಾರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅದಕ್ಕೆ ಇಲ್ಲಿ ಸ್ವಲ್ಪ ವಿನಾಯ್ತಿ ಕೇಳಬಹುದು. ಎನ್‌ಆರ್‌ಇಗೆ ಹಿಡಿದೇ ಇಲ್ಲ, ಕೇಳಲು ಏನೂ ಇಲ್ಲ.

ನಾನೇ ಇದರಲ್ಲಿ ಎಡವಿದ್ದೆ. 40 ಪರ್ಸೆಂಟ್ ಟ್ಯಾಕ್ಸ್ ಕಟ್ಟುವವರಿಗೆ 500 ಪೌಂಡ್‌ವರೆಗಿನ ಬಡ್ಡಿಗೆ ತೆರಿಗೆ ಇಲ್ಲ. ನನ್ನ ಬಡ್ಡಿ 480, ಹಾಗಾಗಿ ಮರೆತೇಬಿಟ್ಟೆ. ತೆರಿಗೆ ಇಲ್ಲದಿದ್ದರೂ ಆ 480 ಅಡ್ಜಸ್ಟೆಡ್ ನೆಟ್ ಇನ್ಕಂಗೆ ಸೇರುತ್ತದೆ! ಡಿವಿಡೆಂಡ್, ಕಂಪನಿ ಕೊಡುವ ಕಾರು, ಮೆಡಿಕಲ್ ಇನ್ಶೂರೆನ್ಸ್, ಇವೂ ಅಷ್ಟೇ. ಐಎಸ್‌ಎ (ಇಲ್ಲಿನ ತೆರಿಗೆ ಇಲ್ಲದ ಉಳಿತಾಯ ಖಾತೆ) ಒಳಗಿನ ಬಡ್ಡಿ ಮಾತ್ರ ಸೇರುವುದಿಲ್ಲ.

ಕೆಂಪುಬಸ್ಸು · 11 ನವೆಂಬರ್

ಸಕ್ಕರೆ ವಾಪಸ್ ತೆಗೆದುಕೊಂಡೆ. 😔

ಲೆಕ್ಕದ ಪುಸ್ತಕ · 11 ನವೆಂಬರ್

ಇರಿ ಇರಿ, ಇನ್ನೂ ಮುಗಿದಿಲ್ಲ.

ಬಡ್ಡಿ 600 ಸೇರಿಸಿದರೆ 2022-23ಕ್ಕೆ 52,400, ಶೇಕಡಾ 24, ಅಂದರೆ 452. 2023-24ಕ್ಕೆ 55,800, ಶೇಕಡಾ 58, ಅಂದರೆ 1,203. 2024-25ಕ್ಕೆ 60,100. ಮಿತಿ ದಾಟಿದ್ದು ಬರೀ 100, ಪೂರ್ತಿ 200 ಆಗಿಲ್ಲ, ಹಾಗಾಗಿ ಸೊನ್ನೆಯೇ. ಚಾರ್ಜ್ ಒಟ್ಟು 1,655. ಜೊತೆಗೆ ಬಡ್ಡಿಯಲ್ಲಿ 500 ಮೀರಿದ 100ಕ್ಕೆ 40 ಪರ್ಸೆಂಟ್, ವರ್ಷಕ್ಕೆ 40, ಮೂರು ವರ್ಷಕ್ಕೆ 120.

ಈಗ ನನ್ನ ಪ್ರಶ್ನೆ. ಪೆನ್ಶನ್‌ಗೆ ಸರ್ಕಾರ ಸೇರಿಸಿದ್ದು 20 ಪರ್ಸೆಂಟ್ ಲೆಕ್ಕದಲ್ಲಿ. ನೀವು 40 ಪರ್ಸೆಂಟ್ ಕಟ್ಟುವವರು. ಇನ್ನುಳಿದ 20 ಪರ್ಸೆಂಟ್ ಯಾವತ್ತಾದರೂ ಕೇಳಿದ್ದೀರಾ?

ಕೆಂಪುಬಸ್ಸು · 11 ನವೆಂಬರ್

ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಲೆಕ್ಕದ ಪುಸ್ತಕ · 11 ನವೆಂಬರ್

ಅದನ್ನೇ ಕಾಯುತ್ತಿದ್ದೆ. 2,400ಕ್ಕೆ 20 ಪರ್ಸೆಂಟ್ ಅಂದರೆ ವರ್ಷಕ್ಕೆ 480. ಮೂರು ವರ್ಷಕ್ಕೆ 1,440 ಅವರೇ ನಿಮಗೆ ಕೊಡಬೇಕು. ನಾಲ್ಕು ವರ್ಷ ಹಿಂದಿನವರೆಗೆ ಕೇಳಬಹುದು, 2022-23ರದ್ದಕ್ಕೆ 2027ರ ಏಪ್ರಿಲ್ 5ರವರೆಗೆ ಸಮಯ ಇದೆ.

1,655 ಮತ್ತು 120 ಸೇರಿ 1,775. ಅದರಲ್ಲಿ 1,440 ಕಳೆಯಿರಿ. 335.

2,566ರಿಂದ ಶುರುವಾಗಿ 335ಕ್ಕೆ ಬಂದೆವು. ತಡವಾದದ್ದಕ್ಕೆ ಬಡ್ಡಿ, ದಂಡ ಇದರ ಮೇಲೆ.

ಸ್ಲೌ ಸುಧಾ · 11 ನವೆಂಬರ್

ಭಲೇ! ನಮ್ಮ ಮನೆಯವರು ಆಗ ಬಂದ ಕಾಗದದ ಅಂಕಿಯನ್ನೇ ಹಾಗೇ ಕಟ್ಟಿಬಿಟ್ಟರು. ಇವತ್ತು ರಾತ್ರಿ ನಮ್ಮ ಮನೆಯಲ್ಲಿ ಹಳೇ ಪೇ ಸ್ಲಿಪ್ ಹುಡುಕಾಟ.

ಧಾರವಾಡ ಪೇಡಾ · 12 ನವೆಂಬರ್

ದಂಡದ ಬಗ್ಗೆ ನಾನು ಹೇಳುತ್ತೇನೆ ನೋಡ್ರಿ, ನಾನು ಅದನ್ನು ಕಟ್ಟಿ ವಾಪಸ್ ಪಡೆದವನು.

ನನ್ನ ಮಗ ಹುಟ್ಟಿದ್ದು 2010ರಲ್ಲಿ. ಆಗ ಈ ಚಾರ್ಜೇ ಇರಲಿಲ್ಲ. ಕ್ಲೇಮ್ ಮಾಡಿದೆವು, ಮರೆತೆವು. 2013ರಲ್ಲಿ ಕಾನೂನು ಬಂತು. ನನ್ನ ಸಂಬಳ ಮಿತಿ ದಾಟಿದ್ದು ಅದಾದ ಮೇಲೆ. ನನಗೆ ಹೇಳುವವರು ಯಾರು? ಒಮ್ಮೆಲೇ ಬಾಕಿ, ಮೇಲೆ ದಂಡ. ನನ್ನ ಹಾಗೆ ಬಹಳ ಜನ ಗಲಾಟೆ ಮಾಡಿದ ಮೇಲೆ, 2018ರಲ್ಲಿ ಇಲಾಖೆಯೇ 2013-14ರಿಂದ 2015-16ರವರೆಗಿನ ದಂಡಗಳನ್ನು ಮತ್ತೆ ಪರಿಶೀಲಿಸಿತು. 2013ಕ್ಕೆ ಮೊದಲೇ ಕ್ಲೇಮ್ ಮಾಡಿ, ಆಮೇಲೆ ಸಂಬಳ ಏರಿದವರ ಕಾರಣವನ್ನು ಒಪ್ಪಿದರು. ದಂಡ ವಾಪಸ್ ಬಂತು, ಚಾರ್ಜ್ ಮಾತ್ರ ಬರಲಿಲ್ಲ.

ನೀವು ಕ್ಲೇಮ್ ಮಾಡಿದ್ದು ಚಾರ್ಜ್ ಬಂದ ಮೇಲೆ. ಹಾಗಾಗಿ "ಗೊತ್ತಿರಲಿಲ್ಲ" ಅನ್ನುವ ಒಂದೇ ಮಾತು ಸಾಕಾಗಲಿಕ್ಕಿಲ್ಲ. ಆದರೆ ಬೇಕಂತ ಮಾಡಿಲ್ಲದ ತಪ್ಪಿಗೆ ದಂಡ ಬಾಕಿಯ ಶೇಕಡಾ 30ರೊಳಗೆ ಇರುತ್ತದೆ. ಅವರು ಕೇಳುವ ಮೊದಲೇ ನಾವಾಗಿ ಹೇಳಿದರೆ ಇನ್ನೂ ಕಡಿಮೆ, ಕೆಲವು ಸಲ ಸೊನ್ನೆ. ನಿಮಗೆ ಕಾಗದ ಬಂದಾಗಿದೆ. ಆದರೂ ಈಗ ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಹೇಳುತ್ತೀರಿ ಅನ್ನುವುದನ್ನು ನೋಡುತ್ತಾರೆ. ಎಫ್‌ಡಿ ಮುಚ್ಚಿಟ್ಟು ಹೇಳಬೇಡಿ.

ಪದ್ಧತಿ ಏನೆಂದರೆ, ತೆರಿಗೆ ವರ್ಷ ಮುಗಿದ ಮೇಲೆ ಅಕ್ಟೋಬರ್ 5ರೊಳಗೆ ತಿಳಿಸಬೇಕು, ಜನವರಿ 31ರೊಳಗೆ ರಿಟರ್ನ್ ಹಾಕಿ ಕಟ್ಟಬೇಕು.

ಬಂಟ್ವಾಳದವ · 12 ನವೆಂಬರ್

ಸರಿ, ಎಫ್‌ಡಿ ವಿಷಯ ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ, ಒಪ್ಪಿದೆ. ಆದರೆ ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮನೆ ಲೆಕ್ಕ ಯಾಕೆ ಇಲ್ಲ?

ಅಬರ್ಡೀನ್ ಚಳಿ · 12 ನವೆಂಬರ್

ಮಾಡುತ್ತೇವೆ ಅಂದಿದ್ದರು. 2024ರ ಮಾರ್ಚ್ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜೆರೆಮಿ ಹಂಟ್ ಅವರು 2026ರ ಏಪ್ರಿಲ್ ಹೊತ್ತಿಗೆ ಇಡೀ ಮನೆಯ ಆದಾಯದ ಮೇಲೆ ಲೆಕ್ಕ ಹಾಕುವ ಪದ್ಧತಿ ತರುತ್ತೇವೆ ಅಂದರು. ಆಮೇಲೆ ಸರ್ಕಾರ ಬದಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಅವರ ಬಜೆಟ್ ಅದನ್ನು ಕೈಬಿಟ್ಟಿತು. ಇಲ್ಲಿ ಆದಾಯ ತೆರಿಗೆ ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಇಬ್ಬರದನ್ನೂ ಕೂಡಿಸಿ ನೋಡುವ ವ್ಯವಸ್ಥೆಯೇ ತೆರಿಗೆಯವರ ಬಳಿ ಇಲ್ಲ, ಅದನ್ನು ಕಟ್ಟಲು ಖರ್ಚು.

ನನಗೆ ಇದಕ್ಕಿಂತ ಹೊಟ್ಟೆ ಉರಿಸುವ ಲೆಕ್ಕ ಬೇರೆ. 60ರಿಂದ 80 ಸಾವಿರದ ನಡುವೆ ಇಬ್ಬರು ಮಕ್ಕಳಿರುವವರಿಗೆ ಪ್ರತಿ ಹೆಚ್ಚುವರಿ 100 ಪೌಂಡಿನಲ್ಲಿ 40 ಟ್ಯಾಕ್ಸ್, 2 ಎನ್‌ಐ, ಸುಮಾರು 11 ಬೆನಿಫಿಟ್ ಹೋಗುತ್ತದೆ. ಉಳಿಯುವುದು 47. ಸ್ಕಾಟ್ಲೆಂಡ್‌ನಲ್ಲಿ 75 ಸಾವಿರದವರೆಗೆ ಟ್ಯಾಕ್ಸ್ 42, ಹಾಗಾಗಿ ನನಗೆ 45. ವೀಕೆಂಡ್ ಶಿಫ್ಟ್‌ಗೆ ಬಾ ಅಂತ ಮ್ಯಾನೇಜರ್ ಕರೆದಾಗ ನಾನು ಮನಸ್ಸಿನಲ್ಲೇ ಅರ್ಧಕ್ಕಿಂತ ಹೆಚ್ಚು ಕಳೆದು ಉತ್ತರ ಕೊಡುತ್ತೇನೆ.

ಲೆಕ್ಕದ ಪುಸ್ತಕ · 12 ನವೆಂಬರ್

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಈ ವರ್ಷ ಸಂಬಳ 66,000, ಇಬ್ಬರು ಮಕ್ಕಳು ಅಂತಿಟ್ಟುಕೊಳ್ಳಿ. 6,000 ಪೌಂಡ್ ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ ಪೆನ್ಶನ್‌ಗೆ ಹಾಕಿದರೆ ಟ್ಯಾಕ್ಸ್ ಮತ್ತು ಎನ್‌ಐ 2,520 ಉಳಿಯುತ್ತದೆ, ಚಾರ್ಜ್ 675 ಉಳಿಯುತ್ತದೆ. ಕೈಯಿಂದ ನಿಜವಾಗಿ ಹೋಗುವುದು 2,805, ಪೆನ್ಶನ್‌ನಲ್ಲಿ ಕೂರುವುದು 6,000. ಮನೆ ಸಾಲದ ಕಂತಿಗೇ ಒದ್ದಾಡುವವರಿಗೆ ಇದನ್ನು ಹೇಳುವುದಿಲ್ಲ. ಆ ದುಡ್ಡು ಐವತ್ತೈದು ದಾಟುವವರೆಗೆ ಕೈಗೆ ಸಿಗುವುದಿಲ್ಲ.

ಹೊಸಬ 23 · 13 ನವೆಂಬರ್

ನೋಡಿದೆ ಅಕ್ಕ. ಪುಣ್ಯಕ್ಕೆ ನಾನು ನಿಲ್ಲಿಸಿದ್ದು ಪಾವತಿ ಮಾತ್ರ, ಕ್ಲೇಮ್ ಹಾಗೇ ಇದೆ. ಇನ್ನೊಂದು ಪ್ರಶ್ನೆ, ಈ ಚಾರ್ಜ್ ಕಟ್ಟಲು ಸೆಲ್ಫ್ ಅಸೆಸ್‌ಮೆಂಟ್ (ನಾವೇ ತುಂಬುವ ತೆರಿಗೆ ರಿಟರ್ನ್) ಹಾಕಲೇಬೇಕಾ?

ಸ್ಲೌ ಸುಧಾ · 13 ನವೆಂಬರ್

ಈ ಸೆಪ್ಟೆಂಬರ್‌ನಿಂದ ಹೊಸ ದಾರಿ ಬಂದಿದೆ. ಆನ್‌ಲೈನ್‌ನಲ್ಲಿ ಹೇಳಿದರೆ ಟ್ಯಾಕ್ಸ್ ಕೋಡ್ ಬದಲಾಯಿಸಿ ಸಂಬಳದಲ್ಲೇ ತಿಂಗಳು ತಿಂಗಳು ಹಿಡಿದುಕೊಳ್ಳುತ್ತಾರೆ. ಆದರೆ ಬೇರೆ ಕಾರಣಕ್ಕೆ ರಿಟರ್ನ್ ಹಾಕಬೇಕಾದವರಿಗೆ ಇದು ಆಗುವುದಿಲ್ಲ.

ಕೆಂಪುಬಸ್ಸು · 6 ಡಿಸೆಂಬರ್

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು, ತಡವಾಯಿತು.

ಪೆನ್ಶನ್ ಕಂಪನಿಯಿಂದ ಮೂರು ವರ್ಷದ ಸ್ಟೇಟ್‌ಮೆಂಟ್ ತರಿಸಿದೆ. ಲೆಕ್ಕದ ಪುಸ್ತಕ ಅವರು ಹೇಳಿದ ಹಾಗೇ ರಿಲೀಫ್ ಅಟ್ ಸೋರ್ಸ್. ಹಾಸನದ ಬ್ಯಾಂಕಿನಿಂದ ಬಡ್ಡಿ ಪತ್ರ ತರಿಸುವುದೇ ದೊಡ್ಡ ಸಾಹಸ. ಅಪ್ಪ ಮೂರು ಸಲ ಹೋಗಿ ಬಂದರು. ಅವರು ಕೊಟ್ಟಿದ್ದು ಏಪ್ರಿಲ್ 1ರಿಂದ ಮಾರ್ಚ್ 31, ಇಲ್ಲಿ ಬೇಕಿರುವುದು ಏಪ್ರಿಲ್ 6ರಿಂದ ಏಪ್ರಿಲ್ 5. ಮತ್ತೆ ಪಾಸ್‌ಬುಕ್ ಫೋಟೋ ತರಿಸಿ, ಬಡ್ಡಿ ಜಮಾ ಆದ ದಿನ ನೋಡಿ, ನಾನೇ ಹೊಂದಿಸಿದೆ.

ಆಮೇಲೆ ಫೋನ್ ಮಾಡಿದೆ. 50 ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹೆಂಗಸು ಸಿಕ್ಕರು. ತಾಳ್ಮೆಯಿಂದ ಕೇಳಿದರು. ಎಫ್‌ಡಿ ವಿಷಯವನ್ನೂ ನಾನೇ ಹೇಳಿದೆ. ಮೂರೂ ವರ್ಷದ ರಿಟರ್ನ್ ಹಾಕಲು ಹೇಳಿದರು, ನಿನ್ನೆ ಹಾಕಿ ಮುಗಿಸಿದೆ. 2022-23ಕ್ಕೆ ಕಟ್ಟಬೇಕಾದ್ದು 12 ಪೌಂಡ್! 2023-24ಕ್ಕೆ 763. 2024-25ಕ್ಕೆ ಅವರೇ ನನಗೆ 440 ಕೊಡಬೇಕು. ಅದೇ 335. ದಂಡದ ಬಗ್ಗೆ ಬೇರೆ ಕಾಗದ ಬರುತ್ತದಂತೆ.

ಈ ವರ್ಷ ನನ್ನ ಸಂಬಳ 64,000 ಆಗುತ್ತದೆ. ಪೆನ್ಶನ್ ಏರಿಸಲು ಎಚ್‌ಆರ್‌ಗೆ ಬರೆದಿದ್ದೇನೆ. ಚೈಲ್ಡ್ ಬೆನಿಫಿಟ್ ದುಡ್ಡು ನಿಲ್ಲಿಸಿಲ್ಲ, ಈಜು ಕ್ಲಾಸು ನಡೆಯುತ್ತಿದೆ.

ಮಿಲ್ಟನ್ ಕೀನ್ಸ್ ಅಮ್ಮ · 6 ಡಿಸೆಂಬರ್

ನಿಮ್ಮ ಮನೆಯವರ ಎನ್‌ಐ ದಾಖಲೆ ನೋಡಿದಿರಾ?

ಕೆಂಪುಬಸ್ಸು · 6 ಡಿಸೆಂಬರ್

ನೋಡಿದೆವು ಮೇಡಂ. ಕ್ಲೇಮ್ ಶುರುವಾದ ಮೇಲಿನ ವರ್ಷ ಎಲ್ಲ ತುಂಬಿದೆ. ಅದಕ್ಕೂ ಹಿಂದಿನ ವೀಸಾ ವರ್ಷಗಳು ಖಾಲಿ. ಸಿಟಿಜನ್‌ಶಿಪ್ ಅರ್ಜಿ ಮಾತ್ರ ದಂಡದ ಕಾಗದ ಬಂದು, ಕಟ್ಟಿ, ರಸೀದಿ ಕೈಗೆ ಬರುವವರೆಗೆ ಹಾಕಲ್ಲ ಅಂತ ಅವಳು ಹಠ ಹಿಡಿದಿದ್ದಾಳೆ.